ಕಾಪಿ ಮಾಡುವ ಭಾವ

ನಮ್ಮ ಭಾವ ಕಾಪಿ ಹೊಡೆದೇ ಮೇಲೆ ಬಂದವರು! ಹೀಗೆ ಬರೆದದ್ದು ಅಕ್ಕನಿಗೆ ಗೊತ್ತಾದರೆ ವರ್ಕಾಡಿಯ ಮನೆಯಲ್ಲಿ ನನಗೆ ಇನ್ನು ಊಟ ಸಿಗಲಿಕ್ಕಿಲ್ಲ. ಆದರೆ ಭಾವನಿಗೆ ಬೇಸರವಿಲ್ಲ. "ಹೌದು ಮಾರಾಯ, ಹಗಲಿಡೀ ಕಾಪಿ ಮಾಡುದೇ ನನ್ನ ಕೆಲಸ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ಅವರು ಸೀತಾಂಗೋಳಿಯ ಏಳೆಂಟು ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ಜಾಲ ನೋಡಿಕೊಳ್ಳುವವರು. ಕಚೇರಿಯ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ, ಮೈತುಂಬ ವಯರು ಸಿಕ್ಕಿಸಿಕೊಂಡು ಒಂದು ಪೆಟ್ಟಿಗೆ ಕೂತಿರುತ್ತದಲ್ಲ, ಅದಕ್ಕೆ ಸ್ವಿಚ್ಚು ಎಂದು ಹೆಸರು. ವಯರು ಸಿಕ್ಕಿಸುವ ಯಾವ ಪೋರ್ಟಿನಿಂದ ಯಾರ ಕಂಪ್ಯೂಟರಿಗೆ ದಾರಿ ಎಂಬುದೆಲ್ಲ ಅದರೊಳಗೆ ಬರೆದಿರುತ್ತದೆ. ಬರೆದದ್ದನ್ನು ಸೇವ್ ಮಾಡದಿದ್ದರೆ, ಕರೆಂಟು ಹೋದ ಕೂಡಲೇ ಪೆಟ್ಟಿಗೆ ಎಲ್ಲವನ್ನೂ ಮರೆತುಬಿಡುತ್ತದೆ. ನಮ್ಮ ಕಡೆ ಕರೆಂಟು ಹೋಗದ ದಿನ ಯಾವುದು, ನೀವೇ ಹೇಳಿ! ಹಾಗಾಗಿ ಭಾವ ಕಾಪಿ ಮಾಡುತ್ತಾರೆ. ಸ್ವಿಚ್ಚಿನೊಳಗೆ ಒಂದು, ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು. ಸಾಲದೆಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಮತ್ತೊಂದು.

ಈ ಕೆಲಸದಲ್ಲಿ ಮೌಸಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಎಲ್ಲಿಂದ ಕಾಪಿ, ಎಲ್ಲಿಗೆ ಕಾಪಿ ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕು. ದೊಡ್ಡ ಫೈಲು ತುಂಡು ತುಂಡಾಗಿ ಹೋಗುತ್ತದೆ. ಒಂದಿಷ್ಟು ತುಂಡು ಆಚೆ ಮುಟ್ಟಿದ ಹಾಗೆಲ್ಲ ಪರದೆಯ ಮೇಲೆ ಒಂದೊಂದು ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಸಾಲು ಸಾಲು ಆಶ್ಚರ್ಯ! ಅದನ್ನು ನೋಡುತ್ತ ಭಾವನ ಕಣ್ಣು ಅರ್ಧ ಮುಚ್ಚುತ್ತದೆ, ತುಟಿಯಲ್ಲಿ ಎಲ್ಲಿಯದೋ ನಗು. ಒಮ್ಮೆ ನಾನೂ ಪಕ್ಕದಲ್ಲಿ ಕೂತೆ. ಐದೇ ನಿಮಿಷದಲ್ಲಿ ಹೊರಗಿನ ಬಸ್ಸಿನ ಹಾರ್ನು ದೂರ ಸರಿಯಿತು, ಫ್ಯಾನಿನ ಸದ್ದು ಕರಗಿತು, ನಾವಿಬ್ಬರೂ ಹುಟ್ಟಿಲ್ಲದ ದೋಣಿಯಲ್ಲಿ ಮೆಲ್ಲಗೆ ತೇಲಿಹೋಗುತ್ತಿದ್ದೇವೆ ಅನ್ನಿಸಿತು. ಆ ಕಚೇರಿಯ ಗುಮಾಸ್ತೆ ಇಣುಕಿ, "ಎಂತ, ಇಬ್ಬರೂ ಜಪಕ್ಕೆ ಕೂತದ್ದಾ?" ಎಂದರು.

ಭಾವ ಕಣ್ಣು ತೆರೆಯದೆ, "ಶ್! ಅರ್ಧ ಮುಟ್ಟಿದೆ" ಎಂದರು.

ಮನೆಯಲ್ಲಾದರೂ ಸುಮ್ಮನಿರುತ್ತಾರೆಯೇ? ಅಕ್ಕ ಅಂಗಡಿಗೆ ಕಳಿಸಿದರೆ ಸಾಮಾನಿನ ಪಟ್ಟಿಯನ್ನು ಎರಡು ಚೀಟಿಯಲ್ಲಿ ಬರೆದು, ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿ, ಒಂದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಇನ್ನೊಂದನ್ನು ಕಿಸೆಗೆ ಹಾಕುತ್ತಾರೆ. ಒಮ್ಮೆ ಹೊರಡುವ ಮುಂಚೆ ಅಂಗಿ ಬದಲಾಯಿಸಿದರು. ಚೀಟಿ ಹಳೆ ಅಂಗಿಯ ಕಿಸೆಯಲ್ಲೇ ಉಳಿಯಿತು. ಬರಿಗೈಯಲ್ಲಿ ಬಂದವರು, "ಹೆದರಬೇಡ, ಎರಡು ಕಾಪಿಯೂ ಮನೆಯಲ್ಲೇ ಉಂಟು" ಎಂದರು.

"ಕಾಪಿ ಉಂಟು. ಬೆಲ್ಲ ಎಲ್ಲುಂಟು?" ಎಂದಳು ಅಕ್ಕ.

ಈ ಮರುಳು ಹುಟ್ಟಿದ್ದು ಒಂದು ತಪ್ಪಿನಿಂದ. ಭಾವ ಕೆಲಸ ಕಲಿತದ್ದು ಶಿರಿಯದ ಜಯಂತನ ಜೊತೆ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಬೈಕು. ಕಲಿಯುವ ದಿನಗಳಲ್ಲಿ ಭಾವ ಒಂದು ಶಾಲೆಯ ಸ್ವಿಚ್ಚಿನಲ್ಲಿ ಎಲ್ಲಿಂದ ಮತ್ತು ಎಲ್ಲಿಗೆ ಎಂಬುದನ್ನು ತಿರುವುಮುರುವು ಮಾಡಿದರು. ಲ್ಯಾಪ್‌ಟಾಪಿನಲ್ಲಿದ್ದ ಖಾಲಿ ಫೈಲು ಹೋಗಿ ತುಂಬಿದ ಫೈಲಿನ ಮೇಲೆ ಕೂತಿತು. ಇಡೀ ಶಾಲೆಯ ಜಾಲ ಮಾಯ! ಭಾವನ ಮೈಯೆಲ್ಲ ಬೆವರು. ಜಯಂತ ಮಾತ್ರ ಹೊಟ್ಟೆ ಹಿಡಿದು ನಕ್ಕು, ಎಲ್ಲವನ್ನೂ ನೆನಪಿನಿಂದಲೇ ಮತ್ತೆ ಟೈಪ್ ಮಾಡಿದನಂತೆ. ಅವನ ತಲೆ ಅಂಥದ್ದು. ಅದಕ್ಕೇ ಅವನು ಏನನ್ನೂ ಸೇವ್ ಮಾಡುತ್ತಿರಲಿಲ್ಲ. "ನಾನು ಉಂಟಲ್ಲ ಮಾರಾಯ, ಮತ್ತೆಂತಕ್ಕೆ ಕಾಪಿ?" ಎನ್ನುತ್ತಿದ್ದ. ಇದೊಂದು ವಿಷಯಕ್ಕೆ ಅವರಿಬ್ಬರಿಗೂ ದಿನಾ ಜಗಳ.

ಆ ಜಯಂತ ಕಾಮಾಲೆಯಾಗಿ, ಹದಿನೈದೇ ದಿನದಲ್ಲಿ ಹೋಗಿಬಿಟ್ಟ. ಭಾವ ಅಳಲಿಲ್ಲ. ನೋಟ್‌ಬುಕ್ಕುಗಳ ಸಂಖ್ಯೆ ಮಾತ್ರ ಹೆಚ್ಚಾಯಿತು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ಲೈವುಡ್ ಕಾರ್ಖಾನೆಯ ಮ್ಯಾನೇಜರ್ ಹಮೀದಿಚ್ಚನ ಫೋನು. ಅದು ಜಯಂತ ನೋಡಿಕೊಳ್ಳುತ್ತಿದ್ದ ಜಾಗ. ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತದೆ, ಸ್ವಿಚ್ಚು ಕಳಚಿ ಕೊಡಬೇಕು ಎಂದರು. ನಾನೂ ಜೀಪಿನಲ್ಲಿ ಜೊತೆಗೆ ಹೋದೆ. ನಾವು ಮುಟ್ಟುವಾಗ ಜನರೇಟರು ಆಗಲೇ ಹೊಸ ಕಟ್ಟಡ ಸೇರಿತ್ತು, ಕರೆಂಟಿನವರು ಲೈನು ಕಡಿದಿದ್ದರು. ಕರೆಂಟು ಹೋದಾಗಲೂ ಇಷ್ಟು ದಿನ ಸ್ವಿಚ್ಚನ್ನು ಆರದಂತೆ ಇಟ್ಟದ್ದು ಆ ಜನರೇಟರು ಮತ್ತು ಬ್ಯಾಟರಿಯ ಯುಪಿಎಸ್. ಈಗ ಯುಪಿಎಸ್ ಕೀಂ ಕೀಂ ಎನ್ನುತ್ತಿತ್ತು. ಹೆಚ್ಚೆಂದರೆ ಇನ್ನು ಕಾಲು ಗಂಟೆ.

ಭಾವನ ಮುಖ ಬಿಳಿಚಿತು. "ಅವನು ಸೇವ್ ಮಾಡಿರುದಿಲ್ಲ. ಇದು ಆಫಾದ್ರೆ ಎಲ್ಲ ಹೋಯ್ತು."

"ಅಯ್ಯೋ ಪಡಚ್ಚೋನೇ, ದೇವರೇ! ಹೋದ್ರೆ ಹೊಸತು ಮಾಡುವಾ. ನೀವು ಉಂಟಲ್ಲ" ಎಂದರು ಹಮೀದಿಚ್ಚ.

"ಬೇರೆ ಕಡೆ ಅವನು ಮಾಡಿದ್ದೆಲ್ಲ ತೆಗೆದು ಹೊಸತು ಹಾಕಿದ್ದಾರೆ ಹಮೀದಿಚ್ಚ. ಅವನ ಕೈಯದ್ದು ಅಂತ ಇನ್ನು ಉಳಿದದ್ದು ಇದೊಂದೇ."

ಹಮೀದಿಚ್ಚ ಒಂದು ಕುರ್ಚಿ ಎಳೆದು ಕೊಟ್ಟರು. ಭಾವ ಲ್ಯಾಪ್‌ಟಾಪಿನಿಂದ ಸ್ವಿಚ್ಚಿಗೆ ನೀಲಿ ಕೇಬಲ್ ಸಿಕ್ಕಿಸಿದರು. ಪರದೆ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದವನು ಜಯಂತ ಒಬ್ಬನೇ! ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಬೇಕಾದರೆ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಲೇಬೇಕು, ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಜಯಂತನ ಮನೆಯ ದೋಣಿಯ ಹೆಸರು ಹಾಕಿದರು. ಆಗಲಿಲ್ಲ. ಅವನ ಅಮ್ಮನ ಹೆಸರು. ಅದೂ ಅಲ್ಲ. ಯುಪಿಎಸ್ಸಿನ ಕೂಗು ಬಿರುಸಾಯಿತು. ಭಾವನ ಬೆರಳುಗಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತವು.

"ನಿಮ್ಮ ಹೆಸರು ಹಾಕಿ ನೋಡಿ ಭಾವ" ಎಂದೆ.

"ನನ್ನದು ಎಂತಕ್ಕೆ ಹಾಕ್ತಾನೆ? ದಿನಾ ಜಗಳ ನಮ್ಮದು" ಎಂದವರು, ಬೇರೆ ದಾರಿಯಿಲ್ಲದೆ ಹಾಕಿದರು. ಬಾಗಿಲು ತೆರೆಯಿತು.

ಮೊದಲು ಸ್ವಿಚ್ಚಿನೊಳಗೆ ಸೇವ್, ಮತ್ತೆ ಲ್ಯಾಪ್‌ಟಾಪಿಗೆ ಕಾಪಿ. ಎರಡೂ ಮುಗಿದು ಭಾವ ಉಸಿರು ಬಿಡುವಷ್ಟರಲ್ಲಿ ಯುಪಿಎಸ್ ಸುಮ್ಮನಾಯಿತು, ಹಸಿರು ದೀಪಗಳೆಲ್ಲ ಒಟ್ಟಿಗೆ ಆರಿದವು.

ಮಧ್ಯಾಹ್ನ ಹೊಸ ಕಟ್ಟಡದಲ್ಲಿ ಸ್ವಿಚ್ಚು ಮತ್ತೆ ಕಣ್ಣು ಬಿಟ್ಟಿತು. ಭಾವ ತಾಳೆ ನೋಡಲೆಂದು ಫೈಲನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದತೊಡಗಿದರು. ಪ್ರತಿ ಪೋರ್ಟಿನ ಜೊತೆ ಗುರುತಿಗೆಂದು ಒಂದು ಸಾಲು ಬರೆಯಲು ಜಾಗವಿರುತ್ತದೆ. ಬೇರೆಯವರು ಅಲ್ಲಿ ನಂಬರು ಬರೆಯುತ್ತಾರೆ. ಜಯಂತ ಇಂಗ್ಲಿಷ್ ಅಕ್ಷರಗಳಲ್ಲಿ ತುಳು ಬರೆದಿದ್ದ! ಮೂರನೆಯದರಲ್ಲಿ, ಈ ವಯರು ಇಲಿ ತಿಂದದ್ದು, ಮೆಲ್ಲ ಎಳೆ. ಏಳನೆಯದರಲ್ಲಿ, ಹಮೀದಿಚ್ಚನದು, ಸಿಟ್ಟಿನಲ್ಲಿದ್ದರೆ ಮುಟ್ಟಬೇಡ. ಹಮೀದಿಚ್ಚ ಬಿದ್ದು ಬಿದ್ದು ನಕ್ಕರು. ಭಾವನೂ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕರು.

ಕೊನೆಯ ಇಪ್ಪತ್ತನಾಲ್ಕನೆಯದಕ್ಕೆ ಬರುವಾಗ ಓದು ನಿಂತಿತು. ನಾನು ಬಗ್ಗಿ ನೋಡಿದೆ.

"ಓದುನಾಯೆ ಈಯೇ ಪಂದ್ ಗೊತ್ತುಂಡು. ಚಾ ಆಂಡಾ?"

ಓದುವವನು ನೀನೇ ಎಂದು ಗೊತ್ತುಂಟು, ಚಾ ಆಯ್ತಾ ಎಂದು. ಹಮೀದಿಚ್ಚ ಎದ್ದು ಹೋಗಿ, ತಾವೇ ಮೂರು ಗ್ಲಾಸು ಚಾ ತಂದಿಟ್ಟರು. ಭಾವ ತಮ್ಮದನ್ನು ಪೂರ್ತಿ ಕುಡಿದು, ಗ್ಲಾಸನ್ನು ಕೆಳಗಿಟ್ಟು, ಕಣ್ಣೊರೆಸಿಕೊಂಡರು. ಇಪ್ಪತ್ತಮೂರನೆಯ ಪೋರ್ಟಿನ ಸಾಲು ಖಾಲಿಯಿತ್ತು. ಅಲ್ಲಿ ಒಂದೇ ಬೆರಳಿನಲ್ಲಿ ನಿಧಾನವಾಗಿ ಟೈಪ್ ಮಾಡಿದರು.

"ಎನ್ನ ಆಂಡ್. ನಿನ್ನ?"

ನನ್ನದಾಯ್ತು, ನಿನ್ನದು? ಎಂಟರ್ ಒತ್ತಿ, ಉತ್ತರ ಬರಲಿಕ್ಕುಂಟು ಎಂಬ ಹಾಗೆ ಪರದೆಯನ್ನೇ ನೋಡುತ್ತ ಕೂತರು. ನಾವಿಬ್ಬರೂ ಅವರ ಜೊತೆ ಕೂತೆವು.