ಪೋಪರ ಕಡೆಯ ನಮ್ಮ ಮಾವ

ನಮ್ಮ ಮಾವ ಹುಟ್ಟುವುದಕ್ಕೇ ಏಳುನೂರು ವರ್ಷ ತಡಮಾಡಿದವರು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳಿಕೊಳ್ಳುತ್ತಾರೆ. ಅದೂ ಯಾವಾಗ? ರೈಲು ತಪ್ಪಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ಸಾಯಂಕಾಲ ಬಂದು ಬಾಗಿಲಲ್ಲಿ ನಿಂತಾಗ. ಏಳುನೂರು ವರ್ಷ ತಡಮಾಡಿದವರು ಇನ್ನೊಂದು ನಾಲ್ಕು ಗಂಟೆ ತಡಮಾಡಿದರೆ ಏನು ಹೇಳುವುದಕ್ಕಾಗುತ್ತದೆ? ಸಾರು ಬಿಸಿ ಮಾಡುವುದು, ಅಷ್ಟೇ.

ಮಾವ ಎಂದರೆ ನಮ್ಮವರ ಸೋದರಮಾವ, ತೀರಿಹೋದ ನಮ್ಮ ಅತ್ತೆಯವರ ಬೆನ್ನಿಗೆ ಹುಟ್ಟಿದ ತಮ್ಮ. ಮೈಸೂರಿನ ಅಗ್ರಹಾರದಲ್ಲಿ ಬೆಳೆದು, ಸಂಧ್ಯಾವಂದನೆ ಕಲಿತು, ಇಷ್ಟು ದೂರ ನ್ಯೂಯಾರ್ಕಿನ ಮ್ಯಾನ್‌ಹಟನ್ನಿಗೆ ಬಂದು ಇವರು ಹುಡುಗರಿಗೆ ಪಾಠ ಹೇಳುವುದು ಯಾವುದನ್ನು ಅಂತೀರಿ? ಹಳೆಯ ಕಾಲದ ಪೋಪರ ರಾಜತಂತ್ರವನ್ನು! ಎಂಟುನೂರು ಒಂಬೈನೂರು ವರ್ಷದ ಹಿಂದೆ ಯೂರೋಪಿನ ಕ್ರೈಸ್ತರು ಧರ್ಮಯುದ್ಧವೆಂದು ಸಮುದ್ರ ದಾಟಿ ಹೋಗಿ, ಜೆರುಸಲೇಮಿನ ಆಸುಪಾಸಿನಲ್ಲಿ ಒಂದಷ್ಟು ಪುಟ್ಟ ಪುಟ್ಟ ರಾಜ್ಯ ಕಟ್ಟಿಕೊಂಡರಂತೆ. ಕಟ್ಟಿಕೊಂಡ ಮೇಲೆ ಉಳಿಸಿಕೊಳ್ಳುವುದು ಕಷ್ಟವಾಯಿತಂತೆ. ಅವರು ಸಹಾಯ ಕೇಳಿ ಪೋಪರಿಗೆ ಹೇಳಿಕಳಿಸುವುದು, ಪೋಪರು ರಾಜರಿಗೆ ಹೇಳಿಕಳಿಸುವುದು, ರಾಜರು ಶಿಲುಬೆ ಮುಟ್ಟಿ "ಖಂಡಿತ ಬರುತ್ತೇವೆ" ಎಂದು ಪ್ರತಿಜ್ಞೆ ಮಾಡಿ ಮನೆಯಲ್ಲೇ ಇದ್ದುಬಿಡುವುದು. ಹತ್ತಿರ ಹತ್ತಿರ ಇನ್ನೂರು ವರ್ಷ ಇದೇ ನಡೆಯಿತಂತೆ. ನನಗೇನೋ ಇದರಲ್ಲಿ ಹೊಸದು ಕಾಣಲಿಲ್ಲ. ನಮ್ಮ ಕನ್ನಡದವರ ಸಂಕ್ರಾಂತಿ ಕೂಟಕ್ಕೆ ಬರುತ್ತೇವೆ ಎಂದವರೆಲ್ಲ ಬಂದಿದ್ದಾರೆಯೇ?

ಮಾವನಿಗೆ ಮದುವೆಯಾಗಿಲ್ಲ. ಕೇಳಿದವರಿಗೆ "ಪೋಪರಿಗೂ ಆಗಿರಲಿಲ್ಲ" ಎಂದು ಉತ್ತರ. ವಿಶ್ವವಿದ್ಯಾಲಯದ ಹತ್ತಿರ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ಕುರ್ಚಿ, ಮಿಕ್ಕಿದ್ದೆಲ್ಲ ಪುಸ್ತಕ. ಒಂದು ಭಾನುವಾರ ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ ನಮ್ಮ ಮನೆಯ ಊಟ, ಮರುಭಾನುವಾರ ಕ್ವೀನ್ಸ್‌ನಲ್ಲಿ ನಮ್ಮವರ ಅಕ್ಕನ ಮನೆಯ ಊಟ. ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್ ಎಂಬಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ಆ ಅತ್ತಿಗೆಯ ಯಜಮಾನರು ಡಾಕ್ಟರು, ಎಲ್ಲಿ ಕೂತರೂ ನಿದ್ದೆಹೋಗುವಷ್ಟು ದಣಿದ ಮನುಷ್ಯ.

ಮಾವನ ಆಯುಧ ಬಹಿಷ್ಕಾರ. ಪೋಪರಿಗೆ ಸಿಟ್ಟು ಬಂದರೆ ಎಂಥ ದೊಡ್ಡ ಅರಸನನ್ನಾದರೂ ಧರ್ಮದಿಂದಲೇ ಹೊರಗಿಡುತ್ತಿದ್ದರಂತೆ. ಮಾವನೂ ಅದನ್ನೇ ರೂಢಿಸಿಕೊಂಡಿದ್ದರು. ಕ್ಯಾಂಟೀನಿನ ಕಾಫಿಗೆ ಬಹಿಷ್ಕಾರ. ಚಳಿಯಲ್ಲಿ ಹೀಟು ಕೊಡದ ಕಟ್ಟಡದ ಮಾಲೀಕನಿಗೆ ಬಹಿಷ್ಕಾರ. ನಾನು ಒಮ್ಮೆ ತೊಗರಿಬೇಳೆ ಸಿಗದೆ ಅಮೆರಿಕದ ಹಳದಿ ಬಟಾಣಿಬೇಳೆಯಲ್ಲಿ ಮಾಡಿದ ಹುಳಿಗೂ ಬಹಿಷ್ಕಾರ. ಹಾಕಿದ ಮೇಲೂ ಎರಡು ಸಲ ಬಡಿಸಿಕೊಂಡರು, ಆ ಮಾತು ಬೇರೆ. ಜರ್ಮನಿಯ ಒಬ್ಬ ಚಕ್ರವರ್ತಿಗೆ ಬಹಿಷ್ಕಾರ ಬಿದ್ದಿದ್ದರೂ ಅವನು ಹಾಗೇ ಹೋಗಿ, ಯುದ್ಧವನ್ನೇ ಮಾಡದೆ, ಸುಲ್ತಾನನ ಜೊತೆ ಬರೀ ಮಾತುಕತೆಯಲ್ಲಿ ಜೆರುಸಲೇಮನ್ನು ಪಡೆದುಬಿಟ್ಟನಂತೆ. ಪೋಪರಿಗೆ ಅದರಿಂದ ಇನ್ನಷ್ಟು ಸಿಟ್ಟು ಬಂತಂತೆ.

"ಹಾಗಾದ್ರೆ ಬಹಿಷ್ಕಾರದಿಂದ ಏನಾಯ್ತು ಮಾವ?" ಎಂದು ಕೇಳಿದೆ.

"ಏನೂ ಆಗ್ಲಿಲ್ಲ ಕಣಮ್ಮ. ಆದ್ರೆ ಹಾಕಿದವರಿಗೆ ಒಂದು ಸಮಾಧಾನ ಇರುತ್ತಲ್ಲ. ಇನ್ನೊಂದು ಸೌಟು ಹುಳಿ ಹಾಕು."

ಹೀಗೆ ನಗುನಗುತ್ತಾ ಇದ್ದವರ ನಡುವೆ ಒಂದು ನಿಜವಾದ ಯುದ್ಧ ಬಂತು. ಅರಬರು ಎಣ್ಣೆ ನಿಲ್ಲಿಸಿ ಪೆಟ್ರೋಲ್ ಸಿಗದ, ಎಪ್ಪತ್ತನಾಲ್ಕರ ಆ ಚಳಿಗಾಲ ನಿಮಗೆ ನೆನಪಿರಬಹುದು. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ. ಕಾರಿನ ನಂಬರ್ ಬೆಸವಾದರೆ ಬೆಸ ತಾರೀಕಿಗೆ, ಸಮವಾದರೆ ಸಮ ತಾರೀಕಿಗೆ ಸರದಿಯಲ್ಲಿ ಕಾದು ಹಾಕಿಸಿಕೊಳ್ಳಬೇಕು. ಆ ಗಲಾಟೆಯಲ್ಲೇ ನಾವು ಬಾಡಿಗೆಯ ಅಪಾರ್ಟ್‌ಮೆಂಟ್ ಬಿಟ್ಟು ಅದೇ ಊರಿನಲ್ಲಿ ಸ್ವಂತ ಮನೆ ಕೊಂಡಿದ್ದೆವು. ಮಾಘಮಾಸದ ಒಂದು ಭಾನುವಾರ ಬೆಳಿಗ್ಗೆ ಗೃಹಪ್ರವೇಶಕ್ಕೆ ಮುಹೂರ್ತವೂ ಸಿಕ್ಕಿತು. ನಮ್ಮ ಕಡೆ ಶುಭಕಾರ್ಯಕ್ಕೆ ಮನೆಮಗಳನ್ನು ಕರೆಯುವುದೆಂದರೆ ಅವಳ ಮನೆಗೇ ಹೋಗಿ, ಕುಂಕುಮ ಕೊಟ್ಟು, ಬಾಯಿತುಂಬ ಕರೆಯಬೇಕು. ಅದರಲ್ಲೂ ನಮ್ಮವರ ಮನೆತನದಲ್ಲಿ ಹೊಸ ಮನೆಯ ಒಲೆಯ ಮೇಲೆ ಮೊದಲ ಹಾಲು ಉಕ್ಕಿಸುವುದು ಮನೆಮಗಳ ಹಕ್ಕು. ನಮ್ಮವರು ಏನು ಮಾಡಿದರು? ಗ್ಯಾಸ್ ಉಳಿಸಿದರು! ಆಫೀಸಿನಿಂದ ಅಕ್ಕನಿಗೆ ಫೋನ್ ಮಾಡಿ, "ಭಾನುವಾರ ಬಂದ್ಬಿಡಿ" ಎಂದು ಹೇಳಿ, ಆ ಕೆಲಸ ಮುಗಿಯಿತೆಂದು ಇನ್ನೊಂದು ಫೈಲು ತೆಗೆದರು.

ಅರ್ಧ ಗಂಟೆಯೊಳಗೆ ಅತ್ತಿಗೆಯ ಫೋನು ನನಗೆ ಬಂತು.

"ಮನೆಮಗಳನ್ನ ಪಾಟ್‌ಲಕ್ಕಿಗೆ ಕರೆದ ಹಾಗೆ ಕರೀತಾನಲ್ಲೇ ಅವನು. ನಾನು ಏನು ತರಬೇಕು ಹೇಳು, ಆಲೂಗಡ್ಡೆ ಪಲ್ಯವಾ?"

ಸಂಜೆ ನಮ್ಮವರಿಗೆ ಹೇಳಿದರೆ, ಅವರೂ ಗರಂ ಆದರು. ಒಡಹುಟ್ಟಿದವಳಿಗೆ ಇಷ್ಟು ಉಪಚಾರ ಬೇಕೇ, ಗ್ಯಾಸ್ ಸರದಿಯಲ್ಲಿ ತಾನು ಮರಗಟ್ಟುವುದು ಅವಳಿಗೆ ಕಾಣುವುದಿಲ್ಲವೇ ಎಂದರು. ನಾನೇ ಬಸ್ಸು, ಸಬ್‌ವೇ ಹಿಡಿದು ಹೋಗಿ ಕರೆದುಬರುತ್ತೇನೆಂದರೆ ಅದೂ ಬೇಡವಂತೆ. ನೀನು ಹೋದರೆ ನಾನು ಸೋತ ಹಾಗೆ ಎಂದರು. ಅತ್ತಿಗೆಯ ಹಠ ನನಗೆ ಗೊತ್ತು. ಆ ಭಾನುವಾರ ತಪ್ಪಿತೆಂದರೆ ಅವರು ಮತ್ತೆಂದೂ ಆ ಮನೆಯ ಹೊಸ್ತಿಲು ದಾಟುವವರಲ್ಲ. ನಮ್ಮವರ ಹಠವೂ ಗೊತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಎರಡು ಸಲ ಹುಟ್ಟಿದ ಒಂದೇ ಹಠ ಅದು.

ಈ ಸುದ್ದಿ ಕೇಳಿ ಮಾವ ಕಂಗಾಲಾಗಬೇಕಿತ್ತು. ಆದರೆ ಅವರ ಮುಖ ಅರಳಿತು! ಜೀವಮಾನವೆಲ್ಲ ಬೇರೆಯವರ ರಾಯಭಾರ ಓದಿದವರಿಗೆ ಕೊನೆಗೂ ಒಂದು ರಾಯಭಾರ ಕೈಗೆ ಸಿಕ್ಕಿತ್ತು. ಬರಿಗೈಯಲ್ಲಿ ಹೋಗುವುದು ರಾಯಭಾರಿಗೆ ಸಲ್ಲದು ಎಂದು ನನ್ನಿಂದ ಒಂದು ಡಬ್ಬಿ ಕೋಡುಬಳೆ ಮಾಡಿಸಿಕೊಂಡು ಹೊರಟರು. ಆಮೇಲೆ ಗೊತ್ತಾಯಿತು, ಕ್ವೀನ್ಸ್ ಮುಟ್ಟಿದಾಗ ಡಬ್ಬಿಯಲ್ಲಿ ಉಳಿದಿದ್ದು ತಳಕ್ಕೆ ನಾಲ್ಕು ಮಾತ್ರ. ನಾನು ಆಕ್ಷೇಪಿಸಿದೆ.

"ಪವಿತ್ರಭೂಮಿಗೆ ಕಳಿಸಿದ ನೆರವು ಯಾವತ್ತು ಪೂರ್ತಿ ತಲುಪಿದೆ ಹೇಳು?" ಎಂದರು ಮಾವ.

ಕ್ವೀನ್ಸ್‌ನಲ್ಲಿ ಅವರು ಅತ್ತಿಗೆಗೆ ಬುದ್ಧಿ ಹೇಳಲು ಆರಿಸಿಕೊಂಡದ್ದು ಒಂದು ಕಥೆ. ಜೆರುಸಲೇಮಿಗೆ ಕಷ್ಟ ಬಂದಾಗ ಅಲ್ಲಿಯ ದೊಡ್ಡ ಧರ್ಮಗುರು ಊರಿನ ಕೋಟೆಯ ಕೀಲಿಕೈ, ಬಾವುಟ ಎಲ್ಲ ಹೊತ್ತುಕೊಂಡು, ಹಡಗು ಹತ್ತಿ, ಅಷ್ಟು ದೂರದ ಇಂಗ್ಲೆಂಡಿನ ರಾಜನ ಮುಂದೆ ಹಿಡಿದು, ಬಂದು ಕಾಪಾಡಿ ಎಂದು ಬೇಡಿಕೊಂಡರಂತೆ. ರಾಜ ತನ್ನವರನ್ನೆಲ್ಲ ಕೂಡಿಸಿ ಕೇಳಿ, ಆಗುವುದಿಲ್ಲವೆಂದನಂತೆ. ಆಮೇಲೆ ಎರಡು ವರ್ಷಕ್ಕೆ ಜೆರುಸಲೇಮು ಕೈಬಿಟ್ಟು ಹೋಯಿತು. ಆದ್ದರಿಂದ ಕರೆದಾಗ ಬಿಗುಮಾನ ಮಾಡದೆ ಹೋಗಬೇಕು ಎಂಬುದು ಮಾವನ ತಾತ್ಪರ್ಯ. ಅತ್ತಿಗೆ ಪೂರ್ತಿ ಕೇಳಿ, ಉಳಿದ ಕೋಡುಬಳೆಗಳಲ್ಲಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರಂತೆ.

"ಕೀಲಿಕೈ ತಗೊಂಡು ಅವರೇ ಬಂದ್ರಲ್ಲ ಮಾವ. ಫೋನ್ ಮಾಡ್ಲಿಲ್ಲವಲ್ಲ."

ಆ ಪಾಠವನ್ನು ಮಾವ ಎಷ್ಟು ವರ್ಷ ಹೇಳಿದ್ದರೋ ಏನೋ, ಅದರಲ್ಲಿ ಈ ಅರ್ಥವಿದೆಯೆಂದು ಅವರಿಗೆ ಅಂದೇ ಹೊಳೆದದ್ದು. ವಾಪಸು ಬಂದು ನಮ್ಮ ಮುಂದೆ ಅದನ್ನೇ ಎರಡು ಸಲ ಹೇಳಿ, "ಬಹಳ ಚೆನ್ನಾಗಿ ಓದಿದಳು" ಎಂದು ಮೆಚ್ಚಿಕೊಂಡರು. ನಮ್ಮ ಕಡೆಯ ರಾಯಭಾರಿ ಶತ್ರುವನ್ನು ಹೊಗಳುತ್ತಾ ಕೂತರೆ ನಮ್ಮವರಿಗೆ ಹೇಗಾಗಬೇಡ!

ಮುಂದಿನ ಹೆಜ್ಜೆ, ತಟಸ್ಥ ನೆಲದಲ್ಲಿ ಸಂಧಾನ. ಹಿಂದೆ ಇಬ್ಬರು ರಾಜರು ಮಾತಾಡಬೇಕಾದರೆ ಒಬ್ಬರ ಅರಮನೆಗೆ ಇನ್ನೊಬ್ಬರು ಹೋಗದೆ ಎರಡು ರಾಜ್ಯದ ಗಡಿಯಲ್ಲಿ ಸೇರುತ್ತಿದ್ದರಂತೆ. ನ್ಯೂಜೆರ್ಸಿಗೂ ಕ್ವೀನ್ಸಿಗೂ ನಡುವೆ ಇರುವುದು ಮ್ಯಾನ್‌ಹಟನ್ ಅಲ್ಲವೇ? ಶನಿವಾರ ಇಬ್ಬರೂ ತಮ್ಮ ಕೋಣೆಗೆ ಕಾಫಿಗೆ ಬರಬೇಕೆಂದು ಮಾವ ಒಪ್ಪಿಸಿದರು. ಈ ಸಲ ಮಾತ್ರ ನಮ್ಮವರು ಗ್ಯಾಸ್ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ, ನಾನೂ ಕೇಳಲಿಲ್ಲ.

ಹೋಗಿ ನೋಡಿದರೆ ಅಲ್ಲೊಂದು ತೊಡಕು. ಅತ್ತಿಗೆ ಮಂಚದ ಮೇಲೆ ಕೂತರೆ ಕುರ್ಚಿ ಅದಕ್ಕಿಂತ ತಗ್ಗು. ಸಂಧಾನದಲ್ಲಿ ಒಬ್ಬರ ಆಸನ ಇನ್ನೊಬ್ಬರದಕ್ಕಿಂತ ಕೆಳಗಿರಬಾರದಂತೆ. ಮಾವ ಕುರ್ಚಿಯ ಮೇಲೆ ಪುಸ್ತಕ ಪೇರಿಸಿದರು, ಇಳಿಸಿದರು, ದಪ್ಪದ್ದು ತೆಗೆದು ತೆಳ್ಳಗಿನದು ಹಾಕಿದರು. ಕೊನೆಗೆ ನಮ್ಮವರು ಪೋಪರ ಮೂರು ಸಂಪುಟಗಳ ಮೇಲೆ ಸರ್ಕಸ್ಸಿನವರ ಹಾಗೆ ಕೂತರು. ಡಾಕ್ಟರು ಕಿಟಕಿಗೆ ಒರಗಿ ನಿದ್ದೆಹೋದರು. ಮಾವ ಪೀಠಿಕೆಯೆಂದು ಕದನವಿರಾಮಗಳ ಇತಿಹಾಸ ಶುರುಮಾಡಿದರು. ಮೊದಲ ಕದನವಿರಾಮ ಮುಗಿಯುವುದರೊಳಗೆ ಕಾಫಿ ಆರಿತು, ಮೂರನೆಯದಕ್ಕೆ ಬರುವಾಗ ಪಾರ್ಕಿಂಗ್ ಮೀಟರಿನ ಹೊತ್ತು ಮುಗಿದು ನಮ್ಮವರು ಕೆಳಗೋಡಿದರು. ಅಕ್ಕ ತಮ್ಮ ಒಂದು ಮಾತಾದರೂ ಆಡಿದರೇ? ಉಹುಂ. ಇಬ್ಬರೂ ಒಂದೇ ಸಲ ಗಡಿಯಾರ ನೋಡಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ.

"ಪರವಾಗಿಲ್ಲ. ಯಾರೂ ಯಾರಿಗೂ ವಿಷ ಹಾಕ್ಲಿಲ್ಲ" ಎಂದರು ಮಾವ, ನನ್ನನ್ನು ಬಾಗಿಲವರೆಗೆ ಕಳಿಸುತ್ತಾ. ನಗುತ್ತಲೇ ಅಂದರು. ಆದರೆ ಮೆಟ್ಟಿಲಿಳಿಯುತ್ತಾ ತಿರುಗಿ ನೋಡಿದಾಗ, ತೆರೆದ ಬಾಗಿಲಿನಾಚೆ ಅವರು ಆ ಕುರ್ಚಿಯ ಮೇಲಿನ ಸಂಪುಟಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.

ಮರುದಿನವೇ ಗೃಹಪ್ರವೇಶದ ಭಾನುವಾರ. ಹಿಂದಿನ ಸಂಜೆ ಹಿಮ ಬಿದ್ದಿತ್ತು. ಅಂಗಡಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದೆ. ಮಂತ್ರ ಬಲ್ಲ ಎಂಜಿನಿಯರೊಬ್ಬರು ಪಂಚೆಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ಕೂತರು. ಹೊಗೆ ಕಂಡು ಪಕ್ಕದ ಮನೆಯವರು ಫೋನ್ ಮಾಡಿ ಅಗ್ನಿಶಾಮಕದವರು ಬಂದಾರೆಂದು ಹೋಮಕ್ಕೆ ನಾಲ್ಕೇ ಸೌದೆಚೂರು. ಅಡುಗೆಮನೆಯಲ್ಲಿ ಕರೆಂಟಿನ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟು, ಸ್ವಿಚ್ಚಿಗೆ ಕೈಹಾಕದೆ ನಿಂತೆ. ನಮ್ಮವರು ಆಗಲೇ ಗುಡಿಸಿದ್ದ ಮೆಟ್ಟಿಲನ್ನು ಮತ್ತೆ ಗುಡಿಸುತ್ತಿದ್ದರು. ಮೆಟ್ಟಿಲಲ್ಲಿ ಹಿಮವಿರಲಿಲ್ಲ. ಅವರ ಕಣ್ಣೆಲ್ಲ ರಸ್ತೆಯ ಮೇಲೆ. ಮುಹೂರ್ತಕ್ಕೆ ಇನ್ನೇನು ಹೊತ್ತಾಯಿತು ಎಂದು ಸ್ವೆಟರ್ ಪುರೋಹಿತರು ಕೂಗುವಾಗ ಡಾಕ್ಟರ ಕಾರು ಬಂದು ನಿಂತಿತು.

ಮುಂದಿನ ಸೀಟಿನಿಂದ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಅತ್ತಿಗೆ ಇಳಿದರು. ಹಿಂದಿನ ಸೀಟಿನಿಂದ ಮಾವ. ಅತ್ತಿಗೆ ತಮ್ಮನ ಕೈಯಲ್ಲಿದ್ದ ಪೊರಕೆ ನೋಡಿ, "ಅದನ್ನ ಕೆಳಗಿಡೋ, ಮನೆಮಗಳು ಬರೋವಾಗ ಪೊರಕೆ ಹಿಡ್ಕೊಂಡು ನಿಂತಿದೀಯ" ಎಂದು ಗದರಿ ಒಳಗೆ ಬಂದರು. ಅಷ್ಟು ದಿನದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು ಅದು. ನಮ್ಮವರು ತಕ್ಷಣ ಪೊರಕೆ ಕೆಳಗಿಟ್ಟರು. ಅವರು ಅಷ್ಟು ಬೇಗ ಮಾತು ಕೇಳಿದ್ದನ್ನು ನಾನಂತೂ ಮದುವೆಯಾದಾಗಿನಿಂದ ಕಂಡಿಲ್ಲ.

ಹಾಲು ಕಾಯುವಾಗ ಅತ್ತಿಗೆ ಮೆಲ್ಲಗೆ ನನಗೆ ಹೇಳಿದರು. ಹಿಂದಿನ ಸಂಜೆ ಹಿಮದಲ್ಲೇ ಮಾವ ಅವರ ಮನೆಗೆ ಹೋಗಿದ್ದರಂತೆ. ಡಬ್ಬಿಯಿಲ್ಲ, ಪುಸ್ತಕವಿಲ್ಲ. ಒಂದು ಕೈಯಲ್ಲಿ ಎರಡು ಬಾಳೆಹಣ್ಣು, ಇನ್ನೊಂದರಲ್ಲಿ ಕಾಗದದ ಪೊಟ್ಟಣದಲ್ಲಿ ಕುಂಕುಮ. ಕೈಗವಸನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಪೊಟ್ಟಣ ಚಾಚಿದರಂತೆ. ಮುತ್ತೈದೆಯರು ಮಾಡುವ ಕೆಲಸ. ಹೇಗೆ ಕೊಡಬೇಕೆಂದು ಆ ಬ್ರಹ್ಮಚಾರಿಗೆ ಏನು ಗೊತ್ತು? ಅತ್ತಿಗೆ ಮತ್ತೊಂದು ಕಥೆಗೆ ಸಿದ್ಧವಾಗಿ ನಿಂತರೆ, ಕಥೆಯೇ ಬರಲಿಲ್ಲವಂತೆ.

"ನೀವ್ಯಾಕೆ ಬಂದ್ರಿ ಮಾವ? ಬರಬೇಕಾದವನು ಅವನು" ಎಂದರಂತೆ ಅತ್ತಿಗೆ.

"ನಿಮ್ಮಮ್ಮ ಇದ್ದಿದ್ರೆ ಅವಳೇ ಬರ್ತಿದ್ಳು. ಅವಳಿಲ್ಲ, ನಾನು ಬಂದೆ. ನಾಳೆ ಬಂದು ಹಾಲುಕ್ಕಿಸಮ್ಮ" ಎಂದು ಮಾವ ಬಾಳೆಹಣ್ಣನ್ನೂ ಚಾಚಿ, ಮತ್ತೆ ಹೇಳಿದರಂತೆ. "ನೀವಿಬ್ಬರೂ ಮಾತು ಬಿಟ್ರೆ, ಭಾನುವಾರ ನಾನು ಯಾರ ಮನೆಗೆ ಹೋಗ್ಲಿ? ಯಾರ ಮನೇಲಿ ಉಂಡ್ರೂ ಇನ್ನೊಬ್ಬರನ್ನ ಬಿಟ್ಟು ಉಂಡ ಹಾಗಾಗುತ್ತೆ."

ಅತ್ತಿಗೆ ಅಷ್ಟು ಹೇಳಿ ಪಾತ್ರೆಯ ಕಡೆ ತಿರುಗಿದರು. ಹಾಲು ಉಕ್ಕಿತು. ಒಲೆಯ ಮೇಲೆ ಹರಿದು ಸೀದು, ಹೊಸ ಮನೆಯ ತುಂಬ ವಾಸನೆ ಹರಡಿತು. ಯಾರೂ ಒರೆಸಲು ಹೋಗಲಿಲ್ಲ.

ಊಟವಾಗಿ, ಹರಟೆಯಾಗಿ, ಎಲ್ಲರೂ ಹೊರಡುವ ಹೊತ್ತು. ಮಾವನನ್ನು ಮ್ಯಾನ್‌ಹಟನ್ನಿಗೆ ಬಿಡುವವರು ಯಾರು ಎಂಬ ಪ್ರಶ್ನೆ ಬಂತು. ನಾನು ಬಿಡುತ್ತೇನೆಂದು ನಮ್ಮವರು, ನಮ್ಮ ದಾರಿಯಲ್ಲೇ ಅಲ್ಲವೇ ಎಂದು ಅತ್ತಿಗೆ. ನಿನಗೆ ಗ್ಯಾಸ್ ಎಲ್ಲಿದೆ ಎಂದು ಅವರು, ಅದನ್ನು ಕೇಳಲು ನೀನು ಯಾರು ಎಂದು ಇವರು. ಅಕ್ಕ ತಮ್ಮನ ದನಿ ಏರಿತು. ಮಾವ ಕೋಟಿನ ಒಂದು ತೋಳು ಹಾಕಿಕೊಂಡು ನಡುವೆ ನಿಂತು, ಒಮ್ಮೆ ಅಕ್ಕನ ಮುಖ, ಒಮ್ಮೆ ತಮ್ಮನ ಮುಖ ನೋಡುತ್ತಿದ್ದರು.

"ಮಾವ, ಮತ್ತೆ ಶುರುವಾಯ್ತು. ಬಿಡಿಸಬಾರದಾ?" ಎಂದೆ.

"ಇರ್ಲಿ ಕಣಮ್ಮ, ಇನ್ನೂ ಸ್ವಲ್ಪ ಹೊತ್ತು ಆಡ್ಲಿ" ಎಂದು, ಹಾಕಿದ್ದ ಒಂದು ತೋಳನ್ನೂ ಬಿಚ್ಚಿ, ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಕೂತರು.