ಹಳ್ಳಿಗೆ ಲೈನ್ ಎಳೆಯುವಾಗ

ಹಳ್ಳಿಗೆ ಇಂಟರ್ನೆಟ್ ತಂತಿ ಎಳೆಯುವ ಕೆಲಸದಲ್ಲಿ ತಂತಿ ಹರಿಯದ ದಿನ ಸಿಗಬಹುದು, ನಗದೆ ಮನೆಗೆ ಹೋದ ದಿನ ನನಗಂತೂ ನೆನಪಿಲ್ಲ. ನಾನು ವಿಜಯಪುರದ ಇಬ್ರಾಹಿಂಪುರದವನು. ಗುತ್ತಿಗೆದಾರರ ಹತ್ತಿರ ಮೇಸ್ತ್ರಿ. ಪ್ರತಿ ಹಳ್ಳಿಗೂ ಇಂಟರ್ನೆಟ್ ಮುಟ್ಟಬೇಕು, ರಸ್ತೆ ಬದಿಗೆ ತಂತಿ ಹಾಕುವವರಿಗೆ ಯಾರೂ ಅಡ್ಡಿ ಮಾಡಬಾರದು ಅಂತ ರಾಜ್ಯ ಸರ್ಕಾರ ಕಾಯ್ದೆ ಮಾಡಿದ ಮೇಲೆ ತಿಕೋಟಾ, ಬಬಲೇಶ್ವರ ಕಡೆ ನನಗೆ ಕೈತುಂಬ ಕೆಲಸ.

೧. ಆಯಿಯ ತಿದ್ದುಪಡಿ

ತಿಕೋಟಾ ಹತ್ತಿರದ ಹಳ್ಳಿಯೊಂದರಲ್ಲಿ ಗ್ರಾಮಸಭೆ. ಪಿಡಿಒ ಸಾಹೇಬರು ಕಾಯ್ದೆಯನ್ನು ಒಂದಕ್ಷರ ಬಿಡದೆ ಓದಿದರು. "ಪ್ರತಿ ಮನೆಗೂ ಲೈನ್" ಎಂದಕೂಡಲೇ ಹಿಂದೆ ಕೂತಿದ್ದ ವಯಸ್ಸಾದ ಆಯಿಯೊಬ್ಬಳು ಎದ್ದು ನಿಂತಳು.

"ಎಷ್ಟ ದಿನಕ್ಕೊಮ್ಮೆ ಬಿಡ್ತೀರಿ?"

"ಏನು?"

"ನೀರು!"

ನಾನೇ ಎದ್ದು ಹೇಳಿದೆ: "ಇದು ನೀರಿಂದಲ್ಲ ಆಯಿ. ಗಾಜಿನ ತಂತಿ. ಒಳಗ ಬೆಳಕು ಹರೀತೈತಿ."

ಆಯಿ ಸ್ವಲ್ಪ ವಿಚಾರ ಮಾಡಿದಳು. "ಹರೀಲಿ ಬಿಡಪ್ಪಾ, ಬ್ಯಾಡ ಅಂದವರ‍್ಯಾರು? ಹೆಂಗೂ ತಗ್ಗ ತೋಡ್ತೀರಿ, ಅದರ ಮಗ್ಗಲಕ್ಕ ನೀರಿನ ಪೈಪೂ ಮಲಗಿಸಿಬಿಡ್ರಿ. ಎರಡೂ ಕೂಡೇ ಹರಕೋಂತ ಬರ್ಲಿ."

ಅವತ್ತಿನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಆ ಒಂದು ಮಾತಿಗೆ. ಪಿಡಿಒ ಸಾಹೇಬರೂ ಕಾಯ್ದೆಯ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಚಪ್ಪಾಳೆ ತಟ್ಟಿದರು.

೨. ಮೊದಲನೇ ಫೋನ್

ಜೈನಾಪುರದ ಕಡೆ ರಸ್ತೆ ಬದಿಯ ದ್ರಾಕ್ಷಿ ತೋಟದ ಮಾಲಕರೊಬ್ಬರು ನಮ್ಮ ಗುದ್ದಲಿಗೆ ಅಡ್ಡ ನಿಂತರು. "ನನ್ನ ಡ್ರಿಪ್ ಪೈಪ್ ಹರದ್ರ ಗಿಡಾ ಒಣಗ್ತಾವು. ಒಂದ ಹೆಜ್ಜಿ ಮುಂದ ಇಡಬ್ಯಾಡ್ರಿ!"

ಅವರ ಅಂಜಿಕೆ ಸುಳ್ಳಲ್ಲ. ಆದರೂ ನಾನು ಕಾಯ್ದೆಯ ಪ್ರತಿ ತೋರಿಸಿದೆ. "ಕನ್ನಡಕ ಮನ್ಯಾಗ ಐತಿ. ತಡೀರಿ, ದೊಡ್ಡ ಸಾಹೇಬ್ರಿಗೇ ಫೋನ್ ಹಚ್ತೇನಿ" ಅಂದರು.

ಸಿಗ್ನಲ್ ಇಲ್ಲ, ಫೋನ್ ಹತ್ತಲಿಲ್ಲ. ಬದುವಿನ ಮೇಲೆ ನಿಂತರು, ಟ್ರ್ಯಾಕ್ಟರ್ ಏರಿದರು, ಕಡೆಗೆ ಬಾವಿಯ ಕಟ್ಟೆ ಹತ್ತಿ ಕೈ ಮೇಲೆತ್ತಿದರು. ಊಹೂಂ. ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಮ್ಮ ಲೈನ್ ಬಂದ್ರ ಇಲ್ಲಿಂದ ಫೋನ್ ಹತ್ತತೈತೇನ್ರಿ?"

"ಮನ್ಯಾಗ ವೈಫೈ ಹಾಕಿಸ್ಕೊಂಡ್ರ ಹತ್ತತೈತ್ರಿ."

ತಾವೇ ಮುಂದೆ ನಡೆದು ಪೈಪ್ ಎಲ್ಲೆಲ್ಲಿ ಹೋಗಿದೆ ಅಂತ ತೋರಿಸಿದರು. ಒಂದು ಪೈಪಿಗೂ ಪೆಟ್ಟಾಗದಂತೆ ತೋಡಿದೆವು. ಹೊರಡುವಾಗ ಚಹಾ ಕುಡಿಸಿ ಹೇಳಿದರು: "ಲಗೂನ ಮುಗಸ್ರಿ. ಲೈನ್ ಬಂದಕೂಡ್ಲೆ ಮೊದಲನೇ ಫೋನ್ ನಿಮ್ಮ ಮ್ಯಾಲ ಕಂಪ್ಲೇಂಟ್ ಕೊಡಾಕ!"

೩. ಸಾಹೇಬರ ಮೌನ

ಬಬಲೇಶ್ವರದ ಆಚೆಗಿನ ಒಂದು ಪಂಚಾಯಿತಿಯಲ್ಲಿ ಲೈನ್ ಪರೀಕ್ಷೆ. ವಿಜಯಪುರದಿಂದ ಅಧಿಕಾರಿಗಳು ವಿಡಿಯೋದಲ್ಲಿ ಮಾತಾಡಿ, ಸರಿ ಇದೆ ಅಂದರೆ ಕೆಲಸ ಪಾಸ್. ಇಲ್ಲದಿದ್ದರೆ ಎರಡು ತಿಂಗಳು ತೋಡಿದ್ದನ್ನೆಲ್ಲ ಮತ್ತೆ ತೋಡಬೇಕು.

ಅಧ್ಯಕ್ಷರು ಐವತ್ತು ದಾಟಿದ ಹೆಣ್ಣುಮಗಳು. ಇಳಕಲ್ ಸೀರೆ ಉಟ್ಟು ಟಿವಿಯ ಎದುರು ಕೂತಿದ್ದರು. ಟಿವಿಯ ಪರದೆ ಮೇಲೆ ಅಧಿಕಾರಿ ಸಾಹೇಬರು ಬಂದರು. "ಈ ಕಾಯ್ದೆಯಿಂದ ಹಳ್ಳಿ ಮತ್ತು ನಗರದ ಅಂತರ..." ಎಂದವರು ಒಂದು ಕೈ ಮೇಲೆತ್ತಿ, ಬಾಯಿ ತೆರೆದು ಹಾಗೇ ನಿಂತುಬಿಟ್ಟರು.

ಸದಸ್ಯರು ಪಿಸುಗುಟ್ಟತೊಡಗಿದರು. ಅಧ್ಯಕ್ಷರು ಗದರಿಸಿದರು: "ಸುಮ್ನ ಕುಂಡ್ರ‍್ರಿ. ಸಾಹೇಬ್ರು ವಿಚಾರ ಮಾಡಾಕತ್ತಾರ."

ಹತ್ತು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ಸಾಹೇಬರ ವಿಚಾರ ನೋಡಿದೆವು. ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಸಾಹೇಬರೇ! "ಏನ್ರಿ, ನಿಮ್ಮ ಲೈನ್ ಕೈಕೊಟ್ಟೈತಿ. ಕೆಲಸ ಫೇಲ್!"

ಲೈನಿನ ಡಬ್ಬಿ ತೆಗೆದು ನೋಡಿದೆ, ದೀಪಗಳೆಲ್ಲ ಹಸಿರು. ಪಕ್ಕದ ಕೋಣೆಯಲ್ಲಿ ಗ್ರಂಥಾಲಯದಾಕೆ ಅದೇ ಲೈನಿನಲ್ಲಿ ಮುಂಬೈಯ ತಂಗಿಯ ಜೊತೆ ಮುಖ ನೋಡಿ ಮಾತಾಡುತ್ತಿದ್ದಳು. ಕೆಟ್ಟದ್ದು ಸಾಹೇಬರ ಆಫೀಸಿನ ನೆಟ್.

ಅದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಅಧ್ಯಕ್ಷರೇ ಫೋನ್ ಇಸಿದುಕೊಂಡರು. "ಸಾಹೇಬ್ರ, ನಮ್ಮಲ್ಲಿ ಎಲ್ಲಾ ಬರೋಬ್ಬರಿ ಐತ್ರಿ. ನೀವೇ ಇತ್ಲಾಗ ಬಂದುಬಿಡ್ರಿ."

ಸಾಹೇಬರು ಜೀಪಿನಲ್ಲಿ ಬಂದರು. ಲೈನ್ ನೋಡಿದರು, ಪಾಸ್ ಮಾಡಿದರು. ಅಷ್ಟೇ ಅಲ್ಲ, ಅವತ್ತಿನ ಬೆಂಗಳೂರು ಮೀಟಿಂಗನ್ನೂ ಅಲ್ಲೇ ಕೂತು ಅದೇ ಲೈನಿನಲ್ಲಿ ಮುಗಿಸಿದರು. ಎದ್ದು ಹೊರಟಾಗ ಅಧ್ಯಕ್ಷರು ಒಂದು ಹಾಳೆ ಮುಂದಿಟ್ಟರು.

"ಇದೇನಮ್ಮಾ?"

"ಠರಾವ್ರಿ. ಹಳ್ಳಿಗೆ ಬಂದಂಗ ವಿಜಯಪುರಕ್ಕೂ ಒಂದು ಚಲೋ ಲೈನ್ ಕೊಡಬೇಕಂತ ಪಂಚಾಯ್ತಿಯವರು ಒಮ್ಮತದಿಂದ ಬರ‍್ದೇವಿ. ಪಾಪ, ನೀವೂ ಎಷ್ಟು ದಿನಾ ಅಂತ ತಡ್ಕೋತೀರಿ?"