ಸುಮಿತ್ರಾಬಾಯಿಯ ಪಾಲಿನ ಬಾರಿಕಂಟಿ

ಎಲ್ಲ ರಂಪಕ್ಕೂ ಕಾರಣ ಒಂದು ಬಾರಿಕಂಟಿ, ಬೋರೆಹಣ್ಣಿನ ಮುಳ್ಳುಪೊದೆ. ಪುಟ್ಟ ಹಳ್ಳಿ ವಾಡಿಯಿಂದ ಭಾಲ್ಕಿಗೆ ಹೋಗುವ ಕಾಲುದಾರಿ ಜಂಗಲಿನೊಳಗೆ ಹೊಕ್ಕು ಅರ್ಧ ಮೈಲಿ ದಾಟಿದ ಮೇಲೆ, ನಿಜಾಮನ ಕಾಲದ ಸುಂಕದ ನಾಕಾದ ಜವಾನನಂತೆ ಅದು ಅಡ್ಡ ಕೈ ಚಾಚಿ ನಿಂತಿತ್ತು. ಯಾರೇ ಹೋಗಲಿ, ಒಂದೆಳೆ ನೂಲಾದರೂ ವಸೂಲು ಮಾಡದೆ ಬಿಡುತ್ತಿರಲಿಲ್ಲ.

ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ಸುಮಿತ್ರಾಬಾಯಿಯ ಸೆರಗನ್ನಂತೂ ಅದು ದಿನಾ ಹಿಡಿಯುತ್ತಿತ್ತು. ಆಕೆ ಬಿಡಿಸಿಕೊಳ್ಳದೆ ಸುಮ್ಮನೆ ನಿಲ್ಲುವಳು. ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಕಚೇರಿ ಗುಮಾಸ್ತ ಗೋರಖನಾಥ ಕೊಡೆಯ ತುದಿಯಿಂದ ಟೊಂಗೆ ಸರಿಸಿ, "ಸಂಭಾಳಿಸ್ರಿ ಬಾಯಿ" ಅನ್ನುವನು. ಆಕೆ "ಹೂಂ" ಅನ್ನುವಳು. ನಾಲ್ಕು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಬೀದರ ಸೀಮೆ ಮೈಸೂರು ರಾಜ್ಯ ಸೇರಿದ ಮೇಲೆ ಕಚೇರಿಯ ಉರ್ದು ಕಾಗದಗಳು ಒಂದೊಂದಾಗಿ ಕನ್ನಡಕ್ಕೆ ತಿರುಗತೊಡಗಿದವು. ಗೋರಖನಾಥನಿಗೆ ಕನ್ನಡ ಬಾಯಲ್ಲಿತ್ತು, ಬೆರಳಲ್ಲಿರಲಿಲ್ಲ. ಅಕ್ಷರ ಕಂಡರೆ ಜಿಲೇಬಿ ನೋಡಿದಂತೆ ನೋಡುತ್ತಿದ್ದ. ಮೂರು ತಿಂಗಳಲ್ಲಿ ಪರೀಕ್ಷೆ ಕೊಡಬೇಕಂತೆ. ಈ ಸುದ್ದಿ ಕೇಳಿದಂದಿನಿಂದ ಸುಮಿತ್ರಾಬಾಯಿ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದಳು: "ನಿಮಗ ಬೇಕಾದ್ರ ಅಕ್ಷರ ನಾ ಹೇಳಿಕೊಡ್ತೇನ್ರಿ." ದಿನಾ ಬಾರಿಕಂಟಿಯ ತನಕ ಅದನ್ನು ನಾಲಿಗೆಯ ಮೇಲೆ ಹೊತ್ತು ತರುವಳು, ಅಲ್ಲಿ ನುಂಗಿ ಮುಂದೆ ಹೋಗುವಳು. ಈ ಸೋಮವಾರ ಮಾತ್ರ ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡಳು.

ಅಷ್ಟರಲ್ಲಿ ರವಿವಾರ ಬಂತು. ರವಿವಾರದ ಜೊತೆ ಶ್ರಮದಾನವೂ ಬಂತು.

ಹೊಸ ರಾಜ್ಯಕ್ಕೆ ಹೊಸ ದಾರಿ ಬೇಕೆಂದು ಊರ ಹಿರಿಯ ಮಲ್ಲಿಕಾರ್ಜುನಪ್ಪ ಹಗ್ಗ ಹಿಡಿದು ಕಾಲುದಾರಿಯನ್ನು ಅಳೆದ. ಮನೆಗೊಬ್ಬರು, ಒಬ್ಬರಿಗೆ ಇಪ್ಪತ್ತು ಮಾರು. ಪಾಲಿನ ಗಡಿಗೆ ಒಂದು ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ಹೆಸರು. ಗೋರಖನಾಥ ಕಚೇರಿ ಕೆಲಸಕ್ಕೆ ಬೀದರಿಗೆ ಹೋಗಿದ್ದ. ಬಾರಿಕಂಟಿ ನೆರೆಮನೆಯ ಕೌಸಲ್ಯಾಬಾಯಿಯ ಪಾಲಿಗೆ ಬಿತ್ತು. ಕೌಸಲ್ಯಾಬಾಯಿಯ ಕೈಯಲ್ಲಿ ಆಗಲೇ ಕುಡುಗೋಲಿತ್ತು.

"ಮೌಸಿ, ಆ ಪಾಲು ನನಗಿರ್ಲಿ!"

ಸುಮಿತ್ರಾಬಾಯಿಯ ದನಿಯನ್ನು ಊರು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಮಲ್ಲಿಕಾರ್ಜುನಪ್ಪ ಬೆರಗಾಗಿ ಕಲ್ಲಿನ ಮೇಲಿನ ಹೆಸರು ಅಳಿಸಿ, "ಸುಮಿತ್ರಾಬಾಯಿ" ಎಂದು ದಪ್ಪಗೆ ಬರೆದ.

ಹತ್ತು ಗಂಟೆಯೊಳಗೆ ಆಕೆ ತನ್ನ ಪಾಲಿನ ಹುಲ್ಲು, ಕಲ್ಲು ಎಲ್ಲ ತೆಗೆದು ಅಂಗಳದಂತೆ ಮಾಡಿದಳು. ನಡುವೆ ಬಾರಿಕಂಟಿ ಮದುಮಗನಂತೆ ನಿಂತಿತ್ತು.

"ಅದೊಂದು ಯಾಕ ಬಿಟ್ಟೀದಿ?" ಕೌಸಲ್ಯಾಬಾಯಿ ಬಂದಳು.

"ಹಕ್ಕಿ ಗೂಡು ಅದ ಮೌಸಿ."

ಕೌಸಲ್ಯಾಬಾಯಿ ಬಗ್ಗಿ, ಎದ್ದು, ಸುತ್ತು ಹಾಕಿ ನೋಡಿದಳು. "ಎಲ್ಲದ?"

"ಹಾರಿ ಹೋಯ್ತು."

"ಗೂಡು ಸುದ್ದಾ ತಗೊಂಡು ಹಾರ್ತೇನು?"

ಸುಮಿತ್ರಾಬಾಯಿಯ ಕಿವಿ ಕೆಂಪಾಯಿತು. ಕುಡುಗೋಲು ಮೇಲೆದ್ದದ್ದು ಕಂಡು, ಒಂದು ಸುಳ್ಳಿನ ಬೆನ್ನಿಗೆ ಇನ್ನೊಂದು ಬಾಯಿಂದ ಜಾರಿತು: "ಹಾವು, ಮೌಸಿ! ಬುಡದಾಗ ಹಾವದ!"

ಹಾವೆಂದರೆ ಹೆದರಿ ದೂರ ಹೋಗುತ್ತಾರೆಂದು ಆಕೆ ಎಣಿಸಿದ್ದಳು. ಇಡೀ ವಾಡಿ ಬಡಿಗೆ ಹಿಡಿದು ಓಡಿಬಂತು. ಪಕ್ಕದ ಪಾಲಿನ ಅಜೀಜಾ ಬೇಗಂ ರೊಟ್ಟಿ ಗಂಟು ಎದೆಗವಚಿಕೊಂಡು ಹೆಸರಿನ ಕಲ್ಲು ಹತ್ತಿ ನಿಂತಳು. ಮಲ್ಲಿಕಾರ್ಜುನಪ್ಪ ಬುಡಕ್ಕೆ ಬಡಿಗೆ ಹಾಕಿ ತಿವಿದ. ಹೊರಗೆ ಬಂದದ್ದು ಒಂದು ಓತಿಕ್ಯಾತ. ಅದು ಎಲ್ಲರನ್ನೂ ಒಮ್ಮೆ ನೋಡಿ, ತಲೆ ಮೇಲೆ ಕೆಳಗೆ ಆಡಿಸಿ ಹೋಯಿತು.

"ಇದಾ ನಿನ್ನ ಹಾವು? ಕಡೀರಿ ಆ ಕಂಟಿ!" ಎಂದ ಮಲ್ಲಿಕಾರ್ಜುನಪ್ಪ.

"ಬ್ಯಾಡ್ರಿ ಕಾಕಾ! ನಮ್ಮ ಅವ್ವಗ ಕೆಮ್ಮದ. ಇದರ ಎಲಿ ಕಷಾಯ ದಿನಾ ಕುಡೀಬೇಕು."

ಇದು ನಾಟಿತು. ಅಜೀಜಾ ಬೇಗಂ ಕಲ್ಲಿನಿಂದ ಇಳಿದು, "ಖರೆ ಅದ. ನಮ್ಮ ಹಕೀಮಸಾಬರೂ ಇದೇ ಹೇಳ್ತಾರ," ಎಂದಳು. ಮರುಗಳಿಗೆಯಲ್ಲಿ ಅಲ್ಲಿದ್ದ ಎಲ್ಲರಿಗೂ ಕೆಮ್ಮು ನೆನಪಾಯಿತು. ಒಬ್ಬರಿಗೆ ಒಣ ಕೆಮ್ಮು, ಒಬ್ಬರಿಗೆ ಸೊಸೆಯ ಕೆಮ್ಮು, ಮಲ್ಲಿಕಾರ್ಜುನಪ್ಪನಿಗೆ ಎಮ್ಮೆಯ ಕೆಮ್ಮು. ಉಡಿ ತುಂಬ ಎಲೆ ಕಿತ್ತುಕೊಂಡು ಹೋದರು. ಹೊತ್ತು ಇಳಿಯುವಷ್ಟರಲ್ಲಿ ಬಾರಿಕಂಟಿ ಕ್ಷೌರ ಮಾಡಿಸಿಕೊಂಡಂತಾಗಿ, ಬರೀ ಮುಳ್ಳೇ ಉಳಿದಿತ್ತು.

ಉಳಿದಿತ್ತಲ್ಲ, ಅಷ್ಟು ಸಾಕು. ಅಂಗೈ ತುಂಬ ಬೊಬ್ಬೆ ಎದ್ದಿದ್ದರೂ ಸುಮಿತ್ರಾಬಾಯಿ ಹಗುರಾಗಿ ಮನೆಗೆ ನಡೆದಳು. ವಾಕ್ಯವನ್ನು ಇನ್ನೊಮ್ಮೆ ಒಪ್ಪಿಸಿಕೊಂಡಳು. ಬಾಗಿಲಿಗೆ ಬಂದ ಮೇಲೆ ನೀರಿನ ತಂಬಿಗೆ ಅಲ್ಲೇ ಮರೆತದ್ದು ನೆನಪಾಗಿ ಹಿಂದಿರುಗಿದಳು.

ಇನ್ನೂ ಬೆಳಕಿತ್ತು. ದೂರದಿಂದಲೇ ಖಟ್, ಖಟ್ ಎಂದು ಕೇಳಿಸಿತು. ಬೀದರಿನಿಂದ ಮರಳಿದ ಗೋರಖನಾಥ ಅಂಗಿ ತೋಳು ಮಡಚಿ ಕೊಡಲಿ ಬೀಸುತ್ತಿದ್ದ. ಬಾರಿಕಂಟಿ ಆಗಲೇ ಮಗ್ಗುಲಾಗಿತ್ತು.

"ಬರ್ರಿ ಬಾಯಿ," ಎಂದ ಬೆವರು ಒರೆಸುತ್ತ. "ಎಲ್ಲರೂ ಪಾಲು ಮುಗಿಸ್ಯಾರ, ಯಾರೋ ಒಬ್ಬ ಕಾಮಚೋರ ಇದೊಂದು ಹಂಗೇ ಬಿಟ್ಟಾನ. ಕಲ್ಲಿನ ಮ್ಯಾಲ ಹೆಸರದ ನೋಡ್ರಿ, ನನಗ ಓದ್ಲಿಕ್ಕಿ ಬರಲ್ಲ. ಯಾರದದ?"

ಬಾಯಿಪಾಠ ಮಾಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೆಂದೂ ಬರಲಾರದು. ಸುಮಿತ್ರಾಬಾಯಿ ಕಲ್ಲನ್ನು ನೋಡಿದಳು. ಅಂಗೈ ದಪ್ಪದ ಅಕ್ಷರಗಳಲ್ಲಿ ತನ್ನ ಹೆಸರು.

"ಅಳಿಸಿ ಹೋಗ್ಯಾದ್ರಿ," ಎಂದಳು.

"ಹೋಗ್ಲಿ ಬಿಡ್ರಿ. ಇದರ ಮುಳ್ಳಿಂದ ನನ್ನ ಸೈಕಲ್ ಎರಡು ಸಲ ಪಂಚರ್ ಆಗಿತ್ತು. ನಾಕು ತಿಂಗಳಿಂದ ಅದಕ್ಕೇ ನಡದು ಸತ್ತೇನಿ. ನಾಳಿಂದ ಸೈಕಲ್ ಮ್ಯಾಲೇ ಹೋಗ್ತೇನಿ. ಉಳಿದ ವ್ಯಾಳ್ಯಾದಾಗ ಭಾಲ್ಕ್ಯಾಗ ಒಬ್ಬ ಮಾಸ್ತರ ಕಡಿ ಕನ್ನಡ ಕಲೀಬೇಕಂತ ಮಾಡೀನಿ."

"ಹೂಂ," ಎಂದಳು ಸುಮಿತ್ರಾಬಾಯಿ.

ಮರುದಿನ ಮುಂಜಾನೆ ಬಾರಿಕಂಟಿ ಇದ್ದ ಜಾಗದಲ್ಲಿ ಆಕೆಯ ಕಾಲುಗಳು ತಾವಾಗಿಯೇ ನಿಂತವು. ಹಿಂದಿನಿಂದ ಗಂಟೆ ಟ್ರಿಣ್ ಎಂದಿತು. "ಸಂಭಾಳಿಸ್ರಿ ಬಾಯಿ!" ಎಂದು ಗೋರಖನಾಥ ಗಾಳಿಯಂತೆ ದಾಟಿಹೋದ. ಆಗ ಸುಮಿತ್ರಾಬಾಯಿ ಆ ವಾಕ್ಯವನ್ನು ಒಂದಕ್ಷರ ತಪ್ಪದೆ, ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದಳು. ಸೈಕಲ್ ಅಷ್ಟೊತ್ತಿಗೆ ತಿರುವು ದಾಟಿತ್ತು. ಕಡಿದ ಬುಡದ ಮೇಲೆ ಕೂತಿದ್ದ ಓತಿಕ್ಯಾತವೊಂದೇ ಕೇಳಿಸಿಕೊಂಡು, ಆಗಲಿ ಎಂಬಂತೆ ತಲೆಯಾಡಿಸಿತು.